ಗೂಡ್ಸ್ ವ್ಯಾಗನ್‌ಗೆ ಫೈಬರ್ ಚಾವಣಿ: ತೂಕದ ಲೆಕ್ಕದಿಂದ ಮೊದಲ ಮಳೆಗಾಲದವರೆಗೆ

ಬೆಳಗಾವಿಯ ಉದ್ಯಮಬಾಗದಲ್ಲಿ ನಾನು ಫೈಬರ್ ಕೆಲಸ ಮಾಡುತ್ತೇನೆ. ಟ್ಯಾಂಕಿನ ಮುಚ್ಚಳ, ಮಷೀನ್ ಕವರ್, ಸಕ್ಕರೆ ಕಾರ್ಖಾನೆಗಳಿಗೆ ಬೇಕಾಗುವ ಡಕ್ಟ್, ಇಂಥವೇ ಜಾಸ್ತಿ. ಇತ್ತೀಚೆಗೆ ಎಂಜಿನಿಯರಿಂಗ್ ಓದುವ ಹುಡುಗರು, ಅಕ್ಕಪಕ್ಕದ ಶೆಡ್‌ನವರು ಪದೇ ಪದೇ ಕೇಳುವುದು ಒಂದೇ ಮಾತು. ರೈಲ್ವೆ ವ್ಯಾಗನ್ ಹಗುರ ಮಾಡಲು ಫೈಬರ್ ಬಳಸಬಹುದಾ?

ಬಳಸಬಹುದು. ಆದರೆ ಉಕ್ಕಿನ ಹಾಳೆ ಬಿಚ್ಚಿ ಅದೇ ಜಾಗಕ್ಕೆ ಅದೇ ಅಳತೆಯ ಫೈಬರ್ ಹಾಳೆ ಬಿಗಿದರೆ ಅದು ಒಂದು ಮಳೆಗಾಲವೂ ಬಾಳುವುದಿಲ್ಲ. ಫೈಬರ್ ತಾನಾಗಿ ಕೆಡುವುದು ಕಡಿಮೆ, ಅದು ಉಕ್ಕಿಗೆ ಸೇರುವ ಜಾಗದಲ್ಲಿ ಕೆಡುತ್ತದೆ. ಇಳಕಲ್ ಸೀರೆಯಲ್ಲಿ ಒಡಲಿನ ನೂಲಿಗೂ ಸೆರಗಿನ ರೇಷ್ಮೆಗೂ ಕೊಂಡಿ ಹಾಕಿ ಸೇರಿಸುತ್ತಾರಲ್ಲ, ನೇಕಾರರು ಅಲ್ಲಿ ಎಷ್ಟು ಹೊತ್ತು ಕೂರುತ್ತಾರೆ ಎಂದು ನೋಡಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಹಾಗಾಗಿ ನಾನು ಇಲ್ಲಿ ಒಂದೇ ಭಾಗ ಹಿಡಿದು ಹೇಳುತ್ತೇನೆ: ಸಿಮೆಂಟ್, ಸಕ್ಕರೆ, ಗೊಬ್ಬರ ಸಾಗಿಸುವ ಮುಚ್ಚಿದ ವ್ಯಾಗನ್‌ನ ಚಾವಣಿ. ಇದನ್ನು ಸರಿಯಾಗಿ ಮಾಡಲು ಬಂದರೆ ಬಾಗಿಲು, ಪಕ್ಕದ ಗೋಡೆ ಎಲ್ಲಕ್ಕೂ ಇದೇ ದಾರಿ.

ಹಂತ 1: ಹಗುರ ಮಾಡಿ ಏನು ಪಡೆಯಬೇಕು ಎಂದು ಮೊದಲು ಬರೆದಿಡಿ

ಖಾಲಿ ವ್ಯಾಗನ್‌ನ ತೂಕಕ್ಕೆ ಟೇರ್ ಎನ್ನುತ್ತಾರೆ. ಹಳಿ ಹೊರಬಲ್ಲ ಒಟ್ಟು ತೂಕ ಬದಲಾಗುವುದಿಲ್ಲ, ಆದ್ದರಿಂದ ಟೇರ್ ಇಳಿದಷ್ಟೂ ಮಾಲು ಏರಿಸಬಹುದು. ಮುಚ್ಚಿದ ವ್ಯಾಗನ್‌ಗಳಲ್ಲಿ ಹಳೆಯ ಬಿಸಿಎನ್‌ಎ ಮಾದರಿಯ ಟೇರ್ 24.55 ಟನ್, ಈಗಿನ ಬಿಸಿಎನ್‌ಎಚ್‌ಎಲ್‌ನದು 20.8 ಟನ್. ಈ ಇಳಿಕೆ ಬಂದದ್ದು ಫೈಬರ್‌ನಿಂದಲ್ಲ, ಒಳ್ಳೆಯ ಸ್ಟೇನ್‌ಲೆಸ್ ಉಕ್ಕು ಮತ್ತು ಜಾಣ ವಿನ್ಯಾಸದಿಂದ. ಅಂದರೆ ಸುಲಭವಾಗಿ ಇಳಿಸಬಹುದಾದ ತೂಕವನ್ನು ಉಕ್ಕಿನವರು ಆಗಲೇ ಇಳಿಸಿಬಿಟ್ಟಿದ್ದಾರೆ. 22.9 ಟನ್ ಆಕ್ಸಲ್ ಲೋಡ್‌ನಲ್ಲಿ, ಅಂದರೆ ಒಂದು ಜೋಡಿ ಚಕ್ರದ ಮೇಲೆ ಬೀಳಬಹುದಾದ ಭಾರ ಅಷ್ಟಿದ್ದರೆ, ನಾಲ್ಕು ಆಕ್ಸಲ್‌ಗೆ ಒಟ್ಟು 91.6 ಟನ್, ಅದರಲ್ಲಿ ಟೇರ್ ಕಳೆದರೆ 70.8 ಟನ್ ಮಾಲು.

ಲಾಭ ಎರಡು ಬಗೆ. ಸಿಮೆಂಟ್‌ನಂಥ ಭಾರದ ಮಾಲಿದ್ದರೆ ಉಳಿಸಿದ ತೂಕದಷ್ಟು ಹೆಚ್ಚು ಚೀಲ ಹೋಗುತ್ತದೆ. ಹತ್ತಿ ಬೇಲ್‌ನಂಥ ಹಗುರ ಮಾಲಿದ್ದರೆ ಜಾಗ ಮೊದಲು ತುಂಬುತ್ತದೆ, ಹೆಚ್ಚು ಮಾಲು ಹಿಡಿಯುವುದಿಲ್ಲ, ಎಳೆಯುವ ಖರ್ಚು ಮಾತ್ರ ಉಳಿಯುತ್ತದೆ. ಎರಡನ್ನೂ ಒಂದೇ ಟ್ರಿಪ್‌ನಲ್ಲಿ ಕೂಡಿಸಬೇಡಿ. ಉಳಿಸಿದ ತೂಕಕ್ಕೆ ಮಾಲು ತುಂಬಿದ ಮೇಲೆ ಗಾಡಿಯ ಒಟ್ಟು ಭಾರ ಮೊದಲಿನಷ್ಟೇ ಇರುತ್ತದೆ, ಅಲ್ವಾ? ಬಹಳ ಪ್ರಾಜೆಕ್ಟ್ ರಿಪೋರ್ಟ್‌ಗಳಲ್ಲಿ ನಾನು ನೋಡಿದ ತಪ್ಪು ಇದೇ.

ಖಾಲಿ ಬರುವ ಟ್ರಿಪ್ ಮಾತ್ರ ಬೇರೆ. ವಿಜಯಪುರ ಜಿಲ್ಲೆಯ ಕೂಡಗಿಯ ಎನ್‌ಟಿಪಿಸಿ ಸ್ಥಾವರ 2400 ಮೆಗಾವ್ಯಾಟ್‌ನದು, ಕಲ್ಲಿದ್ದಲು ರೈಲಿನಲ್ಲೇ ಬರುತ್ತದೆ. ಕಲ್ಲಿದ್ದಲು ಇಳಿಸಿದ ರೇಕ್‌ಗೆ, ಅಂದರೆ ವ್ಯಾಗನ್‌ಗಳ ಇಡೀ ಸಾಲಿಗೆ, ವಾಪಸ್ ತುಂಬಿಕೊಂಡು ಹೋಗಲು ಏನಿರುತ್ತದೆ? ಖಾಲಿ ಗಾಡಿಯಲ್ಲಿ ಟೇರ್ ಬಿಟ್ಟು ಬೇರೆ ತೂಕವೇ ಇಲ್ಲ, ಹಾಗಾಗಿ ಅಲ್ಲಿ ಇಳಿಸಿದ ಪ್ರತಿ ಕಿಲೋ ಕೂಡ ಪೂರ್ತಿ ಉಳಿತಾಯ.

ಏರಿನ ದಾರಿಯಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಲೋಂಡಾ ದಾಟಿ ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ಇಳಿಯುವ ಘಾಟಿಯ ಇಳಿಜಾರು 37ಕ್ಕೆ 1. ಅಲ್ಲಿ ಮೇಲಕ್ಕೆ ಎಳೆಯುವಾಗ ಪ್ರತಿ ಟನ್‌ಗೆ ಇಳಿಜಾರಿಗೆಂದೇ ಸುಮಾರು 27 ಕೆಜಿ ಬಲ ಬೇಕು. ಸಮತಟ್ಟು ಹಳಿಯಲ್ಲಿ ಉರುಳಿಸಲು ಬೇಕಾಗುವುದು ಟನ್‌ಗೆ ಒಂದೆರಡು ಕೆಜಿ ಅಷ್ಟೇ.

ಹಂತ 2: ತೂಕ ಎಲ್ಲಿದೆ ನೋಡಿ

ವ್ಯಾಗನ್‌ನ ಟೇರ್‌ನಲ್ಲಿ ಹೆಚ್ಚುಕಡಿಮೆ ಅರ್ಧ ಎರಡು ಬೋಗಿಗಳಲ್ಲೇ ಇದೆ. ಇಲ್ಲಿ ಬೋಗಿ ಅಂದರೆ ಡಬ್ಬಿ ಅಲ್ಲ, ಅದರ ಕೆಳಗಿನ ಚಕ್ರದ ಗಾಡಿ: ಚಕ್ರ, ಆಕ್ಸಲ್, ಎರಕದ ಚೌಕಟ್ಟು, ಸ್ಪ್ರಿಂಗ್. ಉಳಿದುದರಲ್ಲಿ ಅಂಡರ್‌ಫ್ರೇಮ್ (ಡಬ್ಬಿ ಕೂರುವ ಕೆಳಗಿನ ಚೌಕಟ್ಟು), ಕಪ್ಲರ್ (ವ್ಯಾಗನ್‌ಗಳನ್ನು ಜೋಡಿಸುವ ಕೊಂಡಿ), ಬ್ರೇಕ್ ಸಾಮಾನು ಕಳೆದರೆ ಮಾತ್ರ ಮೇಲಿನ ಡಬ್ಬಿ ಸಿಗುತ್ತದೆ. ಅಂಡರ್‌ಫ್ರೇಮ್ ಮುಟ್ಟಬೇಡಿ. ಇಡೀ ರೇಕ್‌ನ ಎಳೆತ, ಶಂಟಿಂಗ್‌ನ ಹೊಡೆತ ಎಲ್ಲ ಅದರ ಮೂಲಕವೇ ಹೋಗುತ್ತದೆ, ಅದು ಉಕ್ಕಿನ ಕೆಲಸ. ಬೋಗಿಯಲ್ಲೂ ಫೈಬರ್ ಬಂದಿದೆ. ಜಪಾನಿನ ಕವಾಸಾಕಿಯವರು ಕಾರ್ಬನ್ ಫೈಬರ್‌ನ ಸ್ಪ್ರಿಂಗ್‌ನಂಥ ಚೌಕಟ್ಟಿರುವ ಬೋಗಿಯನ್ನು 2014ರಲ್ಲಿ ಪ್ರಯಾಣಿಕರ ರೈಲಿನಲ್ಲಿ ಓಡಿಸಿದರು. ಆದರೆ ಅದು ಉದ್ಯಮಬಾಗದ ಶೆಡ್‌ನಲ್ಲಿ ಶುರು ಮಾಡುವ ಕೆಲಸ ಅಲ್ಲ.

ಹೋಲಿಕೆಗೆ ಇನ್ನೊಂದು ಅಂಕಿ ಕಣ್ಣೆದುರು ಇಟ್ಟುಕೊಳ್ಳಿ. 2022ರ ಅಕ್ಟೋಬರ್‌ನಲ್ಲಿ ಭುವನೇಶ್ವರದಿಂದ ದೇಶದ ಮೊದಲ ಅಲ್ಯೂಮಿನಿಯಂ ಗೂಡ್ಸ್ ರೇಕ್ ಹೊರಟಿತು. 61 ವ್ಯಾಗನ್, ಉಕ್ಕಿನ ರೇಕ್‌ಗಿಂತ 180 ಟನ್ ಹಗುರ. ವ್ಯಾಗನ್‌ಗೆ ಮೂರು ಟನ್ ಹತ್ತಿರ ಆಯಿತು. ಅದನ್ನು ಮಾಡಿದವರಲ್ಲಿ ಹಿಂಡಾಲ್ಕೋ ಒಂದು, ನಮ್ಮ ಊರಿನಲ್ಲೇ ಅವರ ಅಲ್ಯೂಮಿನಾ ಕಾರ್ಖಾನೆ ಇದೆ. ನಮ್ಮ ಫೈಬರ್‌ನ ಪೈಪೋಟಿ ಉಕ್ಕಿನ ಜೊತೆ ಮಾತ್ರ ಅಲ್ಲ, ಅಲ್ಯೂಮಿನಿಯಂ ಜೊತೆಗೂ ಇದೆ. ಅದನ್ನು ವೆಲ್ಡ್ ಮಾಡಬಹುದು, ಹಳೆಯದಾದ ಮೇಲೆ ಒಳ್ಳೆಯ ಬೆಲೆಗೆ ಗುಜರಿಗೆ ಹಾಕಬಹುದು. ನಮ್ಮ ಫೈಬರ್‌ಗೆ ಇವೆರಡೂ ಇಲ್ಲ.

ಹಂತ 3: ಭಾಗ ಆರಿಸಿ

ಗೂಡ್ಸ್ ಶೆಡ್‌ಗೆ ಹೋಗಿ ಒಂದು ದಿನ ಸುಮ್ನೆ ನಿಂತು ನೋಡಿ. ಯಾವ ಭಾಗಕ್ಕೆ ಎಂಥ ಏಟು ಬೀಳುತ್ತದೆ ಎಂದು ಅಲ್ಲಿ ಗೊತ್ತಾಗುವಷ್ಟು ಯಾವ ಡ್ರಾಯಿಂಗ್‌ನಲ್ಲೂ ಗೊತ್ತಾಗುವುದಿಲ್ಲ. ನಾನು ಫೈಬರ್ ಬಾಗಿಲಿನ ತುಂಡೊಂದನ್ನು ಒಯ್ದು ತೋರಿಸಿದಾಗ ಹಿರಿಯ ಹಮಾಲರೊಬ್ಬರು ಅದನ್ನು ಕೈಯಲ್ಲಿ ಎತ್ತಿ ನೋಡಿ, "ಹಗುರ ಐತ್ರಿ ಸಾಹೇಬ್ರ, ಚಲೋ ಆತು. ಆದ್ರ ಹಾರಿ ಏಟು ತಡೀತೈತೇನ್ರಿ?" ಎಂದರು. ಬಾಗಿಲು ಸಿಕ್ಕಿಕೊಂಡರೆ ಹಾರೆ ತೂರಿಸಿ ಮೀಟುತ್ತಾರೆ, ಸುತ್ತಿಗೆಯಿಂದ ಬಡಿಯುತ್ತಾರೆ. ಉಕ್ಕಾದರೆ ತಗ್ಗು ಬೀಳುತ್ತದೆ, ಕಣ್ಣಿಗೆ ಕಾಣುತ್ತದೆ. ಫೈಬರ್ ಮೇಲೆ ಗುರುತೇ ಕಾಣದೆ ಒಳಗಿನ ಪದರ ಬಿಟ್ಟಿರಬಹುದು. ಆದ್ದರಿಂದ ಬಾಗಿಲು ಎರಡನೇ ಕೆಲಸವಾಗಲಿ, ಅದೂ ಅಂಚಿಗೆ ಉಕ್ಕಿನ ಕಟ್ಟು ಹಾಕಿ.

ತೆರೆದ ಕಲ್ಲಿದ್ದಲು ವ್ಯಾಗನ್‌ನ ಪಕ್ಕದ ಗೋಡೆಯನ್ನೂ ನಾನು ಮೊದಲಿಗೆ ಆರಿಸುವುದಿಲ್ಲ. ಲೋಡರ್‌ನ ಬಕೆಟ್ ಬಡಿಯುತ್ತದೆ, ಟಿಪ್ಲರ್‌ನಲ್ಲಿ ಇಡೀ ವ್ಯಾಗನ್ ತಿರುಗಿಸುವಾಗ ಮೇಲಿನ ಅಂಚನ್ನು ಕ್ಲಾಂಪ್ ಒತ್ತಿ ಹಿಡಿಯುತ್ತದೆ, ಕೆಲವೊಮ್ಮೆ ಕಲ್ಲಿದ್ದಲು ಒಳಗೇ ಬಿಸಿಯಾಗಿರುತ್ತದೆ.

ಚಾವಣಿಗೆ ಇವು ಯಾವುದೂ ಇಲ್ಲ. ಮಳೆ, ಬಿಸಿಲು, ಗಾಳಿ, ಆಗಾಗ ಮೇಲೆ ಹತ್ತುವ ಒಬ್ಬಿಬ್ಬರು. ಅಲ್ಲಿ ಕಳೆದ ತೂಕ ವ್ಯಾಗನ್‌ನ ಮೇಲ್ತುದಿಯಿಂದ ಹೋಗುವುದರಿಂದ ಗುರುತ್ವ ಕೇಂದ್ರವೂ ಕೆಳಗೆ ಬರುತ್ತದೆ. ಇನ್ನು ಉಕ್ಕಿನ ಚಾವಣಿಯಲ್ಲಿ ಒಂದು ವೆಲ್ಡ್ ಬಿರುಕು ಬಿಟ್ಟರೂ ಕೆಳಗಿನ ಸಿಮೆಂಟ್ ಚೀಲ ಕಲ್ಲಾಗುತ್ತದೆ. ಬಾಗಲಕೋಟೆ ಕಡೆ ಸಿಮೆಂಟ್ ವ್ಯಾಪಾರ ಮಾಡುವವರಿಗೆ ಈ ನೋವು ವಿವರಿಸಿ ಹೇಳಬೇಕಿಲ್ಲ.

ಹಂತ 4: ಪದಾರ್ಥ ಆರಿಸಿ

ಕಾಂಪೋಸಿಟ್ ಅಂದರೆ ನೂಲು ಮತ್ತು ರಾಳ. ಭಾರ ಹೊರುವುದು ನೂಲು, ಅದನ್ನು ಜಾಗದಲ್ಲಿ ಹಿಡಿದಿಡುವುದು ರಾಳ. ಶಹಾಪುರ, ವಡಗಾವಿಯ ಮಗ್ಗ ನೋಡಿದವರಿಗೆ ಹಾಸು ಹೊಕ್ಕು ಹೊಸದಲ್ಲ. ನೂಲು ಹೋಗುವ ದಿಕ್ಕಿನಲ್ಲಿ ಬಲ, ಅಡ್ಡ ದಿಕ್ಕಿನಲ್ಲಿ ಬರೀ ರಾಳದ ಬಲ. ಉಕ್ಕಿನ ಹಾಳೆ ಎಲ್ಲ ಕಡೆಗೂ ಒಂದೇ ರೀತಿ, ಫೈಬರ್‌ನಲ್ಲಿ ಅದನ್ನು ನೀವೇ ತೀರ್ಮಾನಿಸಬೇಕು.

ಉಕ್ಕಿನ ಸಾಂದ್ರತೆ ಘನ ಮೀಟರ್‌ಗೆ 7850 ಕೆಜಿ, ಅಲ್ಯೂಮಿನಿಯಂ 2700, ಚೆನ್ನಾಗಿ ಮಾಡಿದ ಗ್ಲಾಸ್ ಫೈಬರ್ ಸುಮಾರು 1900, ಕಾರ್ಬನ್ ಸುಮಾರು 1600. ಇಷ್ಟು ನೋಡಿ ಖುಷಿ ಪಡಬೇಡಿ. ಬಿಗಿತ ನೋಡಿ: ಉಕ್ಕಿನದು 200 ಗಿಗಾಪಾಸ್ಕಲ್, ಅಲ್ಯೂಮಿನಿಯಂನದು 70, ನೇಯ್ದ ಗ್ಲಾಸ್ ಬಟ್ಟೆಯ ಫೈಬರ್‌ನದು ಬರೀ 20ರ ಆಸುಪಾಸು. ನಾವು ಮುಚ್ಚಳಕ್ಕೆ ಬಳಸುವ ಕತ್ತರಿಸಿದ ಎಳೆಯ ಮ್ಯಾಟ್‌ನದು ಅದಕ್ಕಿಂತ ತುಂಬ ಕಡಿಮೆ, 7 ಅಥವಾ 8. ಚಾವಣಿಗೆ ಮ್ಯಾಟ್ ನಂಬಿ ಹೋಗಬೇಡಿ.

ಕಾರ್ಬನ್ ಬೇಡ ಎನ್ನುತ್ತೇನೆ. ಬೆಲೆ ಒಂದು ಕಾರಣ. ಇನ್ನೊಂದು, ಕಾರ್ಬನ್ ನೇರವಾಗಿ ಉಕ್ಕಿಗೋ ಅಲ್ಯೂಮಿನಿಯಂಗೋ ತಾಗಿ, ಅಲ್ಲಿ ನೀರು ನಿಂತರೆ ಬ್ಯಾಟರಿ ಥರ ಆಗಿ ಲೋಹವನ್ನು ತಿನ್ನುತ್ತದೆ. ಚಾವಣಿಗೆ ಗ್ಲಾಸ್ ಸಾಕು.

ರಾಳದಲ್ಲಿ ಸಾದಾ ಪಾಲಿಯೆಸ್ಟರ್ ಅಗ್ಗ, ಆದರೆ ವಿಜಯಪುರದ ಮೇ ತಿಂಗಳ ಬಿಸಿಲಿನಲ್ಲಿ ಚಾವಣಿಯ ಮೇಲ್ಮೈ 65 ಡಿಗ್ರಿ ದಾಟಬಹುದು, ಅಲ್ಲಿಗೆ ಸಾದಾ ರಾಳ ಮೆತ್ತಗಾಗುವ ಹಂತ ದೂರ ಉಳಿಯುವುದಿಲ್ಲ. ವಿನೈಲ್ ಎಸ್ಟರ್ ತೆಗೆದುಕೊಳ್ಳಿ. ನೀರಿಗೂ ಅದು ಮೇಲು. ಬಣ್ಣ ಬಿಳಿ ಅಥವಾ ತಿಳಿ ಬೂದು ಇರಲಿ.

ಬೆಂಕಿಯ ವಿಷಯ ಮರೆಯಬೇಡಿ. ಉಕ್ಕು ಉರಿಯುವುದಿಲ್ಲ, ರಾಳ ಉರಿಯುತ್ತದೆ. ಇದಕ್ಕೆ ನಮ್ಮ ಮನೆ ಬಾಗಿಲಲ್ಲೇ ಒಂದು ಮದ್ದು ಇದೆ. ಬಾಕ್ಸೈಟ್‌ನಿಂದ ಅಲ್ಯೂಮಿನಾ ತೆಗೆಯುವಾಗ ನಡುವೆ ಬರುವ ಬಿಳಿ ಹೈಡ್ರೇಟ್ ಪುಡಿಯನ್ನು ರಾಳಕ್ಕೆ ಬೆರೆಸಿದರೆ, ಸುಮಾರು 200 ಡಿಗ್ರಿ ದಾಟಿದಾಗ ಅದು ಒಡೆದು ತನ್ನ ತೂಕದ ಮೂರನೇ ಒಂದು ಭಾಗದಷ್ಟು ನೀರು ಬಿಡುತ್ತದೆ, ಆ ನೀರು ಆವಿಯಾಗುತ್ತಾ ಬೆಂಕಿಯ ಬಿಸಿ ಹೀರುತ್ತದೆ. ತೊಂದರೆ ಏನೆಂದರೆ ಪುಡಿ ಬೆರೆಸಿದ ರಾಳ ಗಂಜಿಯಷ್ಟು ಗಟ್ಟಿ, ಬಟ್ಟೆಯ ಒಳಗೆ ಹರಿಯುವುದಿಲ್ಲ. ನಾನು ಪುಡಿಯನ್ನು ಒಳಮೈ ಮತ್ತು ಹೊರಮೈಯ ಲೇಪಕ್ಕೆ ಮಾತ್ರ ಹಾಕಿ, ನಡುವಿನ ರಾಳಕ್ಕೆ ಬೆಂಕಿ ತಡೆಯುವ ಗ್ರೇಡ್ ಆರಿಸುತ್ತೇನೆ.

ಹಂತ 5: ದಪ್ಪದ ಲೆಕ್ಕ

ಬಿಗಿತ ಕಡಿಮೆ ಇರುವ ಪದಾರ್ಥದಿಂದ ಬಿಗಿಯಾದ ಚಾವಣಿ ಮಾಡುವುದು ಹೇಗೆ? ಎರಡು ತೆಳು ಪದರ, ನಡುವೆ ಹಗುರ ಫೋಮ್. ಸ್ಯಾಂಡ್‌ವಿಚ್. ಪದರಗಳು ಒಂದರಿಂದ ಒಂದು ದೂರ ಹೋದಷ್ಟೂ ಬಿಗಿತ ಆ ದೂರದ ವರ್ಗದಷ್ಟು ಏರುತ್ತದೆ.

ಉಕ್ಕಿನ ಹಾಳೆ 2 ಮಿಮೀ ಎಂದು ಹಿಡಿಯೋಣ. ಚದರ ಮೀಟರ್‌ಗೆ 15.7 ಕೆಜಿ. ಫೈಬರ್‌ನಲ್ಲಿ ಮೇಲೆ 1.5 ಮಿಮೀ, ಕೆಳಗೆ 1.5 ಮಿಮೀ, ನಡುವೆ ಘನ ಮೀಟರ್‌ಗೆ 80 ಕೆಜಿ ತೂಗುವ 20 ಮಿಮೀ ಪಿವಿಸಿ ಫೋಮ್. ಪದರಗಳಿಗೆ 5.7, ಫೋಮ್‌ಗೆ 1.6, ಫೋಮ್‌ನ ರಂಧ್ರಗಳು ಕುಡಿಯುವ ರಾಳಕ್ಕೆ 0.7. ಒಟ್ಟು 8 ಕೆಜಿ.

ಈಗ ಅದರ ಮೇಲೆ ಒಬ್ಬ ಮನುಷ್ಯನನ್ನು ನಿಲ್ಲಿಸಿ. ಆಧಾರದ ಪಟ್ಟಿಗಳ ನಡುವೆ 1.2 ಮೀಟರ್, ಭಾರ 100 ಕೆಜಿ, ಅರ್ಧ ಮೀಟರ್ ಅಗಲದ ಪಟ್ಟಿ ಅದನ್ನು ಹೊರುತ್ತದೆ ಎಂದುಕೊಂಡರೆ ನಡುವೆ ಸುಮಾರು 11 ಮಿಮೀ ಬಾಗುತ್ತದೆ. ಮುರಿಯುವುದಿಲ್ಲ. ಪದರದಲ್ಲಿ ಹಿಗ್ಗುವುದು ಶೇಕಡಾ 0.1ರಷ್ಟು ಮಾತ್ರ, ನಾನು ಒಪ್ಪುವ ಮಿತಿ 0.3. ಆದರೆ 11 ಮಿಮೀ ಬಾಗಿದರೆ ಮೇಲೆ ನಿಂತವರಿಗೆ ಭಯ, ಜಾಯಿಂಟ್‌ಗೆ ಇನ್ನೂ ಜಾಸ್ತಿ ಕಾಟ. ಫೋಮ್ 20ರ ಬದಲು 30 ಮಿಮೀ ಮಾಡಿ. ಬಾಗು 5.5 ಮಿಮೀಗೆ, ಅಂದರೆ ಅರ್ಧಕ್ಕೆ ಇಳಿಯುತ್ತದೆ. ಹೆಚ್ಚಾದ ತೂಕ ಚದರ ಮೀಟರ್‌ಗೆ 800 ಗ್ರಾಂ. ಫೈಬರ್ ಕೆಲಸದಲ್ಲಿ ಇಷ್ಟು ಅಗ್ಗಕ್ಕೆ ಸಿಗುವ ಬಿಗಿತ ಬೇರೆ ಇಲ್ಲ. ದಪ್ಪ ಮಾತ್ರ ಒಳಗಡೆಗೆ ಬೆಳೆಯಬೇಕು, ಹೊರಗಿನ ಆಕಾರ ರೈಲ್ವೆ ಕೊಟ್ಟ ಮಿತಿ ದಾಟಬಾರದು.

ಚಾವಣಿ ಸುಮಾರು 35 ಚದರ ಮೀಟರ್. 15.7ರಿಂದ 8.8ಕ್ಕೆ ಇಳಿದರೆ ಉಳಿತಾಯ ಸುಮಾರು 240 ಕೆಜಿ. ಅಂಚಿನ ಲೋಹ, ಬೋಲ್ಟ್, ಅರ್ಥಿಂಗ್ ಪಟ್ಟಿ ಸೇರಿಸಿದರೆ ನಿಜವಾಗಿ 200 ಕೆಜಿ ಉಳಿದರೆ ಒಳ್ಳೆಯದು. 58 ವ್ಯಾಗನ್‌ನ ರೇಕ್‌ಗೆ 11.6 ಟನ್, 50 ಕೆಜಿಯ 232 ಸಿಮೆಂಟ್ ಚೀಲ. ಅಲ್ಯೂಮಿನಿಯಂನ 180 ಟನ್ ಎದುರು ಇದು ಚಿಕ್ಕದು, ಒಪ್ಪುತ್ತೇನೆ. ಅದು ಇಡೀ ಡಬ್ಬಿ, ಇದು ಚಾವಣಿ ಮಾತ್ರ. ಬರೀ ತೂಕಕ್ಕಾಗಿ ಫೈಬರ್ ಚಾವಣಿ ಮಾಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಸೋರದ ಚಾವಣಿ, ಒಳಗೆ ಕಡಿಮೆ ಬಿಸಿ, ಜೊತೆಗೆ 200 ಕೆಜಿ ಎಂದು ಲೆಕ್ಕ ಹಾಕಿ.

ಹಂತ 6: ಜಾಯಿಂಟ್. ಇಲ್ಲಿ ನಿಧಾನವಾಗಿ ಓದಿ

ನಮ್ಮ ಶೆಡ್‌ನಲ್ಲಿ ಮೊದಲು ಮಾಡಿದ ಪ್ಯಾನೆಲ್ ಅನ್ನು ಆಂಗಲ್‌ನ ಚೌಕಟ್ಟಿನ ಮೇಲೆ ಕೂರಿಸಿ, ಡ್ರಿಲ್ ಹೊಡೆದು, ನೇರವಾಗಿ ಬೋಲ್ಟ್ ಬಿಗಿದೆವು. ನೋಡಲು ಗಟ್ಟಿಯಾಗಿತ್ತು. ಮಳೆಗಾಲವಿಡೀ ಹೊರಗೆ ಬಿಟ್ಟು, ದಸರೆಯ ಹೊತ್ತಿಗೆ ಬಿಚ್ಚಿ ನೋಡಿದರೆ ಪ್ರತಿ ಬೋಲ್ಟ್ ಸುತ್ತ ಫೋಮ್ ಚಪ್ಪಟೆಯಾಗಿತ್ತು. ಬೋಲ್ಟ್ ಸಡಿಲವಾಗಿ ನೀರು ಒಳಗೆ ಇಳಿದು, ತೂತಿನ ಸುತ್ತ ಅಂಗೈಯಗಲ ಪದರ ಬಿಟ್ಟಿತ್ತು. ಪದರ ಒಳ್ಳೆಯದೇ, ರಾಳ ಒಳ್ಳೆಯದೇ, ನಾವು ಸೇರಿಸಿದ ರೀತಿ ತಪ್ಪಾಗಿತ್ತು. ಅಲ್ಲಿಂದ ಈಚೆಗೆ ನಾನು ಡ್ರಾಯಿಂಗ್ ಶುರು ಮಾಡುವುದೇ ಅಂಚಿನಿಂದ.

ಬೋಲ್ಟ್ ಬರುವ ಜಾಗದಲ್ಲಿ ಫೋಮ್ ಇರಲೇಬಾರದು. ಪ್ಯಾನೆಲ್‌ನ ಅಂಚಿನಲ್ಲಿ ಫೋಮ್ ಅನ್ನು ಇಳಿಜಾರಾಗಿ ಕತ್ತರಿಸಿ, ಎರಡು ಪದರಗಳನ್ನು ಒಂದುಗೂಡಿಸಿ, 6ರಿಂದ 8 ಮಿಮೀ ದಪ್ಪದ ಗಟ್ಟಿ ಫೈಬರ್ ಅಂಚು ಮಾಡಿ. ಆ ಅಂಚಿನಲ್ಲಿ ತೂತು. ತೂತಿನ ಒಳಗೆ ಸ್ಟೇನ್‌ಲೆಸ್ ತೋಳು (ಸ್ಲೀವ್, ಅಂದರೆ ಚಿಕ್ಕ ಕೊಳವೆ) ಕೂರಿಸಿ, ಬೋಲ್ಟ್‌ನ ಬಿಗಿತ ತೋಳಿನ ಮೇಲೆ ಬೀಳಬೇಕು, ಫೈಬರ್ ಮೇಲಲ್ಲ. ತೂತಿನ ನಡುವಿನಿಂದ ಅಂಚಿಗೆ ಬೋಲ್ಟ್ ವ್ಯಾಸದ ಮೂರು ಪಟ್ಟು ದೂರ ಬಿಡಿ, ತೂತಿನಿಂದ ತೂತಿಗೆ ಐದು ಪಟ್ಟಾದರೂ ಇರಲಿ. ವಾಷರ್ ದೊಡ್ಡದಿರಲಿ. ಕಾರ್ಬೈಡ್ ಬಿಟ್ ಬಳಸಿ, ಹಿಂದೆ ಮರದ ಹಲಗೆ ಒತ್ತಿ ಹಿಡಿದು ಕೊರೆಯಿರಿ, ಇಲ್ಲವಾದರೆ ಬಿಟ್ ಹೊರಬರುವಾಗ ಕೊನೆಯ ಪದರ ಸಿಬಿರೇಳುತ್ತದೆ. ಕೊರೆದ ತೂತಿನ ಒಳಮೈಗೆ ರಾಳ ಸವರಿ, ನೂಲಿನ ತುದಿಯಿಂದಲೇ ನೀರು ಒಳಗೆ ನಡೆಯುವುದು.

ಮುಖ್ಯವಾಗಿ ಭಾರ ಹೊರಬೇಕಾದದ್ದು ಅಂಟು. ಗಟ್ಟಿ ಎಪಾಕ್ಸಿ ಅಂಟಲ್ಲ, ರಬ್ಬರ್‌ನಂತೆ ಹಿಗ್ಗುವ ಪಾಲಿಯುರೆಥೇನ್ ಅಂಟು, ಬಸ್ಸಿನ ಗಾಜು ಕೂರಿಸುತ್ತಾರಲ್ಲ ಅಂಥದ್ದು. ದಪ್ಪ 3ರಿಂದ 5 ಮಿಮೀ. ಏಕೆಂದರೆ ಬಿಸಿಲಿಗೆ ಎಲ್ಲವೂ ಹಿಗ್ಗುತ್ತದೆ. 10 ಮೀಟರ್ ಉಕ್ಕು 50 ಡಿಗ್ರಿ ವ್ಯತ್ಯಾಸಕ್ಕೆ 6 ಮಿಮೀ ಉದ್ದವಾಗುತ್ತದೆ. ಗ್ಲಾಸ್ ಬಟ್ಟೆಯ ಫೈಬರ್ ಹಿಗ್ಗುವುದು ಉಕ್ಕಿಗೆ ಹತ್ತಿರವೇ, ಹಾಗಿದ್ದರೆ ತೊಂದರೆ ಎಲ್ಲಿ ಎಂದು ಕೇಳಬಹುದು. ಮೇಲಿನ ಪದರ ಬಿಸಿಲಿನಲ್ಲಿ ಕಾದಿರುತ್ತದೆ, ಫೋಮ್ ಬಿಸಿ ತಡೆಯುವುದರಿಂದ ಕೆಳಗಿನ ಉಕ್ಕಿನ ಚೌಕಟ್ಟು ತಣ್ಣಗೇ ಇರುತ್ತದೆ. ಎರಡೂ ಬೇರೆ ಬೇರೆ ಎಳೆಯುತ್ತವೆ. ಇದಕ್ಕಾಗಿಯೇ ಚಾವಣಿಯನ್ನು ಒಂದೇ ತುಂಡಾಗಿ ಮಾಡದೆ ಮೂರು ತುಂಡು ಮಾಡಿ, ಮಂಗಳೂರು ಹಂಚಿನಂತೆ ಒಂದರ ಮೇಲೊಂದು ಬರುವ ಹಾಗೆ ಕೂರಿಸಿ, ಚಲನೆ ತುಂಡಿಗೆ 2 ಮಿಮೀ ಒಳಗೆ ಉಳಿಯುತ್ತದೆ. ಪ್ರತಿ ತುಂಡಿನಲ್ಲೂ ನಡುವಿನ ಬೋಲ್ಟ್‌ಗೆ ದುಂಡು ತೂತು, ಉಳಿದವಕ್ಕೆ ಉದ್ದನೆಯ ತೂತು.

ಅಂಟು ಹಚ್ಚುವ ಮೊದಲು ಉಕ್ಕನ್ನು ಉಜ್ಜಿ, ಎಣ್ಣೆ ತೆಗೆದು, ಪ್ರೈಮರ್ ಹಚ್ಚಿ. ಕೈಯಲ್ಲಿ ಮುಟ್ಟಬೇಡಿ. ಉಜ್ಜಿದ ಹುಡುಗ ಊಟಕ್ಕೆ ಹೋಗಿ ಬಂದು ಅಂಟು ಹಚ್ಚಿದರೆ ಮತ್ತೆ ಉಜ್ಜಬೇಕು, ಮಳೆಗಾಲದಲ್ಲಂತೂ ಖಂಡಿತ.

ಹಂತ 7: ಅಚ್ಚು ಮತ್ತು ತಯಾರಿ

ಅಚ್ಚಿನ ವಿಷಯದಲ್ಲಿ ಬೆಳಗಾವಿಯವರು ಪುಣ್ಯವಂತರು. ಉದ್ಯಮಬಾಗ, ಮಚ್ಛೆಯ ಫೌಂಡ್ರಿಗಳಿಗೆ ಮರದ ಪ್ಯಾಟರ್ನ್ ಮಾಡುವ ಕೈಗಳು ಇಲ್ಲಿವೆ. ಚಾವಣಿಯ ವಕ್ರ ರೇಖೆಯನ್ನು ಅವರಿಗೆ ಕೊಟ್ಟರೆ ಸಾಕು. ಎರಕದಲ್ಲಿ ಬಿಡುವ ಕುಗ್ಗುವಿಕೆಯ ಅಳತೆ ಇಲ್ಲಿ ಬೇಡ ಎಂದು ಮಾತ್ರ ಮೊದಲೇ ಹೇಳಿ.

ಕೈಯಿಂದ ಬ್ರಷ್ ಹಚ್ಚುವ ಪದ್ಧತಿ ಬಿಡಿ. ಅದರಲ್ಲಿ ನೂಲಿನ ಪ್ರಮಾಣ ಮೂರನೇ ಒಂದು ಭಾಗ ಸಿಕ್ಕರೆ ಹೆಚ್ಚು, ಉಳಿದದ್ದೆಲ್ಲ ರಾಳದ ಭಾರ. ವ್ಯಾಕ್ಯೂಮ್‌ನಲ್ಲಿ ರಾಳ ಎಳೆಯುವ ಪದ್ಧತಿಯಲ್ಲಿ ಅರ್ಧದಷ್ಟು ನೂಲು ಬರುತ್ತದೆ. ಅಚ್ಚಿಗೆ ವ್ಯಾಕ್ಸ್, ಅದರ ಮೇಲೆ ಅರ್ಧ ಮಿಮೀ ಜೆಲ್‌ಕೋಟ್ (ಹೊರಮೈಯ ರಾಳದ ಲೇಪ), ಚದರ ಮೀಟರ್‌ಗೆ 600 ಗ್ರಾಂನ ಬಟ್ಟೆ ಮೂರು ಪದರ, ರಂಧ್ರ ಮತ್ತು ಗೀರು ಇರುವ ಫೋಮ್, ಮತ್ತೆ ಮೂರು ಪದರ. ನಂತರ ಪೀಲ್ ಪ್ಲೈ (ಆಮೇಲೆ ಕಿತ್ತು ತೆಗೆಯುವ ಬಟ್ಟೆ), ರಾಳ ಹರಿಯುವ ಜಾಲರಿ, ಬ್ಯಾಗ್. ಫೋಮ್‌ಗೆ ಬದಲು ಥರ್ಮಾಕೋಲ್ ಹಾಕಿ ದುಡ್ಡು ಉಳಿಸಲು ಹೋಗಬೇಡಿ, ರಾಳದಲ್ಲಿರುವ ಸ್ಟೈರೀನ್ ಅದನ್ನು ಕರಗಿಸಿಬಿಡುತ್ತದೆ.

ಗಾಳಿ ಎಳೆದ ಮೇಲೆ ಪಂಪ್ ಬಂದ್ ಮಾಡಿ ಹತ್ತು ನಿಮಿಷ ಮೀಟರ್ ನೋಡುತ್ತಾ ಕೂರಿ. 10 ಮಿಲಿಬಾರ್‌ಗಿಂತ ಹೆಚ್ಚು ಕುಸಿದರೆ ಎಲ್ಲೋ ಸೋರುತ್ತಿದೆ. ಹುಡುಕಿ ಮುಚ್ಚುವವರೆಗೆ ರಾಳ ಕಲಸಲೇಬೇಡಿ. ಅವಸರದಲ್ಲಿ ಈ ಹತ್ತು ನಿಮಿಷ ಉಳಿಸಿದವರು ಇಡೀ ಪ್ಯಾನೆಲ್ ಎಸೆದದ್ದನ್ನು ನಾನು ನೋಡಿದ್ದೇನೆ.

ಒಂದು ಎಚ್ಚರಿಕೆ. ರಾಳ ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟ್ ಮತ್ತು ಗಟ್ಟಿ ಮಾಡುವ ಎಂಇಕೆಪಿ ಹಾರ್ಡನರ್ ಎರಡನ್ನೂ ನೇರವಾಗಿ ಬೆರೆಸಬೇಡಿ, ಸ್ಫೋಟವಾಗುತ್ತದೆ. ಮೊದಲು ಕೋಬಾಲ್ಟ್ ಅನ್ನು ರಾಳದಲ್ಲಿ ಪೂರ್ತಿ ಕಲಸಿ, ಆಮೇಲೆ ಹಾರ್ಡನರ್. ಎರಡರ ಬಾಟಲಿಗಳು ಒಂದೇ ಕಪಾಟಿನಲ್ಲಿ ಇರಬಾರದು. ಹಾರ್ಡನರ್ ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು, ಆದ್ದರಿಂದ ಕನ್ನಡಕ ಇಲ್ಲದೆ ಯಾರೂ ಮುಟ್ಟಬಾರದು. ಉಜ್ಜುವಾಗ ಮಾಸ್ಕ್.

ಹವೆಯನ್ನೂ ಗಮನಿಸಿ. ಬಿಸಿ 10 ಡಿಗ್ರಿ ಏರಿದರೆ ರಾಳ ಗಟ್ಟಿಯಾಗುವ ಸಮಯ ಹೆಚ್ಚುಕಡಿಮೆ ಅರ್ಧವಾಗುತ್ತದೆ. ವಿಜಯಪುರ, ಬಾಗಲಕೋಟೆಯವರು ಬೇಸಿಗೆಯಲ್ಲಿ ನಸುಕಿನಲ್ಲೇ ಎಳೆದು ಮುಗಿಸಿ. ಬೆಳಗಾವಿ, ಖಾನಾಪುರ ಕಡೆ ತೊಂದರೆ ಜೂನ್‌ನಿಂದ ಶುರು, ಬಟ್ಟೆ ಮತ್ತು ಫೋಮ್ ತೇವ ಹೀರುತ್ತವೆ, ಮುಚ್ಚಿದ ಕೋಣೆಯಲ್ಲಿ ಬಲ್ಬ್ ಉರಿಸಿ ಒಣಗಿಸಿಡಿ. ಗಟ್ಟಿಯಾದ ಮೇಲೆ ರಾಳ ಮಾಡಿದವರು ಹೇಳಿದ ಬಿಸಿಯಲ್ಲಿ ಪೋಸ್ಟ್ ಕ್ಯೂರ್ ಮಾಡಿ, ಅಂದರೆ ಮತ್ತೊಮ್ಮೆ ಕಾಯಿಸಿ. ಅದನ್ನು ಬಿಟ್ಟರೆ ವಿನೈಲ್ ಎಸ್ಟರ್‌ಗೆ ಕೊಟ್ಟ ದುಡ್ಡು ದಂಡ.

ಹಂತ 8: ಪರೀಕ್ಷೆ

ಪ್ರತಿ ಪ್ಯಾನೆಲ್ ಜೊತೆಗೆ ಅದೇ ರಾಳ, ಅದೇ ಬಟ್ಟೆಯ ಒಂದು ಚಿಕ್ಕ ಹಲಗೆಯನ್ನೂ ಮಾಡಿ. ಅದನ್ನು ಕತ್ತರಿಸಿ ಎಳೆತ, ಬಾಗು, ಪದರದ ಹಿಡಿತ ನೋಡಿಸಿ. ಎಎಸ್‌ಟಿಎಂ ಡಿ3039, ಡಿ790, ಡಿ2344 ಎಂದು ಲ್ಯಾಬ್‌ಗೆ ಹೇಳಿದರೆ ಸಾಕು. ಒಂದು ತುಂಡು ಸುಟ್ಟು ಉಳಿದ ಗ್ಲಾಸ್ ತೂಗಿದರೆ ನೂಲಿನ ಪ್ರಮಾಣ ಗೊತ್ತಾಗುತ್ತದೆ. ಅರ್ಧದಷ್ಟು ತುಂಡುಗಳನ್ನು ಬಿಸಿನೀರಿನಲ್ಲಿ ನೆನೆಸಿಟ್ಟು ಆಮೇಲೆ ಮುರಿಯಿರಿ, ನಿಮ್ಮ ಲೆಕ್ಕದಲ್ಲಿ ಆ ಕಡಿಮೆ ಅಂಕಿಯನ್ನೇ ಬಳಸಬೇಕು.

ಪ್ಯಾನೆಲ್ ಅನ್ನು ನಾಣ್ಯದಿಂದ ತಟ್ಟುತ್ತಾ ಹೋಗಿ. ಒಳ್ಳೆಯ ಜಾಗ ಟಣ್ ಎನ್ನುತ್ತದೆ, ಪದರ ಬಿಟ್ಟ ಜಾಗ ಬೊದ್ದು. ನಂತರ ಚೌಕಟ್ಟಿಗೆ ಕೂರಿಸಿ ಮರಳು ಚೀಲ ಪೇರಿಸಿ, ಬಾಗು ಅಳೆಯಿರಿ, ಲೆಕ್ಕಕ್ಕೆ ಹೊಂದದಿದ್ದರೆ ಲೆಕ್ಕವನ್ನೇ ಅನುಮಾನಿಸಿ. ಪ್ರತಿ ಪ್ಯಾನೆಲ್‌ನ ತೂಕವನ್ನು ಅದರ ಮೇಲೆಯೇ ಬರೆಯಿರಿ. ಈ ಅಂಕಿ ಮುಂದೆ ಬೇಕಾಗುತ್ತದೆ.

ಹಂತ 9: ವ್ಯಾಗನ್ ಮೇಲೆ

ರೈಲ್ವೆ ವ್ಯಾಗನ್‌ನ ವಿನ್ಯಾಸದಲ್ಲಿ ಏನೇ ಬದಲಾವಣೆ ಮಾಡಬೇಕಾದರೂ ಲಖನೌದ ಆರ್‌ಡಿಎಸ್‌ಒ, ಅಂದರೆ ರೈಲ್ವೆಯ ಸಂಶೋಧನೆ ಮತ್ತು ವಿನ್ಯಾಸ ಸಂಸ್ಥೆ, ಒಪ್ಪಬೇಕು. ನಿಮ್ಮ ಪರೀಕ್ಷೆಯ ಕಾಗದ ಎಲ್ಲ ಅಲ್ಲಿಗೆ ಹೋಗಬೇಕು, ಹಾಗಾಗಿ ಮೊದಲ ದಿನದಿಂದ ಬ್ಯಾಚ್ ನಂಬರ್, ಹವೆ, ತೇವ ಎಲ್ಲ ಬರೆದಿಡಿ.

ಬಹಳ ಜನ ಮರೆಯುವುದು ಮೇಲಿನ ತಂತಿಯನ್ನು. ನಮ್ಮ ಕಡೆಯ ಲೈನ್‌ಗಳಿಗೂ ಈಗ ವಿದ್ಯುತ್ ಬಂದಿದೆ, ತಂತಿಯಲ್ಲಿ 25,000 ವೋಲ್ಟ್. ತಂತಿ ಕಡಿದು ಉಕ್ಕಿನ ಚಾವಣಿ ಮೇಲೆ ಬಿದ್ದರೆ ಕರೆಂಟ್ ಮೈಯಿಂದ ಚಕ್ರಕ್ಕೆ, ಚಕ್ರದಿಂದ ಹಳಿಗೆ ಹರಿದು ಸಬ್‌ಸ್ಟೇಷನ್‌ನಲ್ಲಿ ಬ್ರೇಕರ್ ಬೀಳುತ್ತದೆ. ಗ್ಲಾಸ್ ಫೈಬರ್ ಕರೆಂಟ್ ಒಯ್ಯುವುದಿಲ್ಲ. ತಂತಿ ಜೀವಂತವಾಗಿಯೇ ಚಾವಣಿ ಮೇಲೆ ಮಲಗಿರಬಹುದು. ಆದ್ದರಿಂದ ಚಾವಣಿಯ ಉದ್ದಕ್ಕೂ ಅಡ್ಡಕ್ಕೂ ಲೋಹದ ಪಟ್ಟಿ ಹಾಯಿಸಿ, ಅಂಡರ್‌ಫ್ರೇಮ್‌ಗೆ ಗಟ್ಟಿಯಾಗಿ ಜೋಡಿಸಬೇಕು. ಆ ತೂಕ ಎಷ್ಟಾದರೂ ಆಗಲಿ, ಇದನ್ನು ಬಿಡುವಂತಿಲ್ಲ.

ಟೇರ್ 200 ಕೆಜಿ ಇಳಿದರೆ ಅದು ಟೇರ್‌ನ ನೂರಕ್ಕೆ ಒಂದರಷ್ಟು ಮಾತ್ರ, ಬ್ರೇಕ್‌ಗೆ ದೊಡ್ಡ ವ್ಯತ್ಯಾಸವಿಲ್ಲ. ಮುಂದೆ ಗೋಡೆ, ನೆಲ, ಬಾಗಿಲು ಎಲ್ಲ ಸೇರಿ ಟನ್‌ಗಟ್ಟಲೆ ಇಳಿಸಿದಾಗ ಮಾತು ಬೇರೆ. ಖಾಲಿ ವ್ಯಾಗನ್‌ಗೆ ಬ್ರೇಕ್ ಬಲ ಹೆಚ್ಚಾದರೆ ಚಕ್ರ ಜಾರಿ ಚಪ್ಪಟೆ ಬೀಳುತ್ತದೆ, ತಿರುಚಿದ ಹಳಿಯ ಮೇಲೆ ಹಗುರ ಚಕ್ರ ಮೇಲೇಳುವ ಅಪಾಯವೂ ಇದೆ. ಆಗ ಲೋಡ್ ನೋಡಿ ಬ್ರೇಕ್ ಬದಲಿಸುವ ಸಾಧನವನ್ನು ಮತ್ತೆ ಹೊಂದಿಸಬೇಕು. ಕಪ್ಲರ್‌ನ ಎತ್ತರವೂ ಖಾಲಿಯಲ್ಲಿ 1105 ಮಿಮೀ ಮೀರಬಾರದು, ತುಂಬಿದಾಗ 1030ಕ್ಕಿಂತ ಇಳಿಯಬಾರದು.

ಹಂತ 10: ಓಡಲು ಶುರುವಾದ ಮೇಲೆ

ವ್ಯಾಗನ್ ರಿಪೇರಿಯವರ ಕೈಯಲ್ಲಿ ಗ್ಯಾಸ್ ಕಟರ್ ಮತ್ತು ವೆಲ್ಡಿಂಗ್ ಹೋಲ್ಡರ್ ಇರುತ್ತದೆ, ಅದು ಅವರ ನಿತ್ಯದ ಕೆಲಸ. ಚಾವಣಿಯ ಹತ್ತಿರ ಎಲ್ಲ ಮೂಲೆಗೂ ದೊಡ್ಡಕ್ಷರದಲ್ಲಿ ಬರೆಸಿ: ಫೈಬರ್ ಚಾವಣಿ, ವೆಲ್ಡಿಂಗ್ ಮಾಡಬಾರದು. ಹಿಂದಿಯಲ್ಲೂ ಬರೆಸಿ, ವ್ಯಾಗನ್ ಯಾವ ಡಿಪೋಗೆ ಹೋಗುತ್ತದೋ ಯಾರಿಗೆ ಗೊತ್ತು.

ಚಿಕ್ಕ ಗಾಯವಾದರೆ ಪದರ ಬಿಟ್ಟ ಜಾಗವನ್ನು ಪೂರ್ತಿ ಉಜ್ಜಿ ತೆಗೆದು, ಸುತ್ತಲೂ ದಪ್ಪದ ಹನ್ನೆರಡರಿಂದ ಇಪ್ಪತ್ತು ಪಟ್ಟು ಉದ್ದದ ಇಳಿಜಾರು ಮಾಡಿ, ಅದೇ ದಿಕ್ಕಿನ ಬಟ್ಟೆ ಇಟ್ಟು ತುಂಬಬೇಕು. ಮೇಲಿಂದ ಒಂದು ಪ್ಯಾಚ್ ಅಂಟಿಸಿ ಕಳಿಸುವುದು ಬೇಡ. ಹಳೆಯದಾದ ಪ್ಯಾನೆಲ್‌ಗೆ ಗುಜರಿಯಲ್ಲಿ ಬೆಲೆ ಸಿಗುವುದಿಲ್ಲ, ಅದನ್ನೂ ಖರ್ಚಿನ ಕಾಲಮ್‌ನಲ್ಲಿ ಮೊದಲೇ ಬರೆದುಕೊಳ್ಳಿ.

ಮೊದಲ ಮಳೆಗಾಲ ಮುಗಿದ ಮೇಲೆ ಒಂದು ಪ್ಯಾನೆಲ್ ಬಿಚ್ಚಿ ತಕ್ಕಡಿಗೆ ಹಾಕಿ. ಅದರ ಮೇಲೆ ಬರೆದಿಟ್ಟ ತೂಕಕ್ಕಿಂತ ಎರಡು ಮೂರು ಕೆಜಿ ಜಾಸ್ತಿ ತೂಗಿದರೆ ಒಳಗೆ ನೀರು ಹೋಗಿದೆ ಎಂದೇ ಅರ್ಥ. ಆಗ ನಾಣ್ಯ ಹಿಡಿದು ತಟ್ಟುವುದನ್ನು ಬೋಲ್ಟ್ ತೂತುಗಳಿಂದ ಶುರು ಮಾಡಿ, ನಡುವಿನ ಜಾಗ ಆಮೇಲೆ ನೋಡಿದರಾಯಿತು.